ಗೊಂಬೆಯ ರವಿಕೆಗೆ ಬೆವರು

ಲೂರ್ದಮ್ಮ ಮನುಷ್ಯರಿಗೆ ರವಿಕೆ ಹೊಲಿಯುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಮನುಷ್ಯರದ್ದು ಮುಗಿಯದ ರಗಳೆ. ಕಂಕುಳು ಬಿಗಿ, ಕತ್ತು ಅಗಲ, ಇಲ್ಲವೇ ನಾಳೆಯೇ ಬೇಕು. ಹಾಗಾಗಿ ದೇವರಾಜ ಮೊಹಲ್ಲಾದ ಸೀರೆ ಅಂಗಡಿಗಳ ಗಾಜಿನೊಳಗೆ ನಿಲ್ಲುವ ಗೊಂಬೆಗಳಿಗೆ ಮಾತ್ರ ಹೊಲಿಯುತ್ತಿದ್ದಳು. ಗೊಂಬೆ ದಪ್ಪಗಾಗುವುದಿಲ್ಲ, ಬಸುರಾಗುವುದಿಲ್ಲ, ಚೌಕಾಸಿಗೆ ನಿಲ್ಲುವುದಿಲ್ಲ. ಬೆನ್ನ ಹಿಂದೆ ನಾಲ್ಕು ಗುಂಡುಸೂಜಿ ಚುಚ್ಚಿದರೆ ಎಂಥ ರವಿಕೆಯೂ ಅಚ್ಚುಕಟ್ಟಾಗಿ ಕೂರುತ್ತದೆ. ಅವುಗಳಷ್ಟು ಒಳ್ಳೆಯ ಗಿರಾಕಿಗಳಿಲ್ಲ ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದಳು.

ತಂಗಿ ಸತ್ತ ಮೇಲೆ ಅವಳ ಮಗಳು ಸ್ವೀಟಿಯನ್ನು ಸಾಕಿದವಳೂ ಇವಳೇ. ಹುಡುಗಿ ಅರಳು ಹುರಿದಂತೆ ಮಾತಾಡುವವಳು. ಬಿ.ಕಾಂ. ಮುಗಿಸಿದ್ದೇ ಅಂಥದೊಂದು ಸೀರೆ ಅಂಗಡಿಯಲ್ಲಿ ಸೇಲ್ಸ್ ಕೆಲಸ ಸಿಕ್ಕಿತು, ಮೊದಲಿಗೆ ಪ್ರೊಬೇಷನ್. ಅದು ಮುಗಿಯುವ ಹೊತ್ತಿಗೆ ಮ್ಯಾನೇಜರ್ ಚನ್ನಬಸವಯ್ಯ ಕಾಯಂ ಮಾಡುವುದನ್ನು ಮುಂದಕ್ಕೆ ಹಾಕಿದ. ತಾಳಿದವನು ಬಾಳಿಯಾನು ಎಂದು ಲೂರ್ದಮ್ಮ ಸಮಾಧಾನ ಹೇಳಿದಳು. ಆಮೇಲೆ ಮನೆಯಲ್ಲಿ ಮಾತೇ ಕಡಿಮೆಯಾಯಿತು. ಸ್ವೀಟಿ ಒಂದು ಕೈ ಸೊಂಟದ ಮೇಲಿಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತಳೆಂದರೆ ನಿಂತೇ ಇರುತ್ತಿದ್ದಳು. ಕೆನ್ನೆಯ ಮೇಲೆ ನೊಣ ಕೂತರೂ ರೆಪ್ಪೆ ಬಡಿಯುತ್ತಿರಲಿಲ್ಲ. ಕೇಳಿದರೆ, ಸುಸ್ತು ಅಷ್ಟೆ ಎನ್ನುತ್ತಿದ್ದಳು.

ಒಂದು ದಿನ ಅದೇ ಅಂಗಡಿಯಿಂದ ಗೊಂಬೆಯ ರವಿಕೆಯೊಂದು ವಾಪಸು ಬಂತು. ಬಿಗಿಯಾಗುತ್ತದಂತೆ, ಸಡಿಲ ಮಾಡಿಕೊಡಬೇಕಂತೆ. ಲೂರ್ದಮ್ಮನಿಗೆ ನಗು ಬಂತು. ಪ್ಲಾಸ್ಟಿಕ್ ಗೊಂಬೆ ಅದೇನು ತಿಂದು ಕೊಬ್ಬಿತೋ! ಹೊಲಿಗೆ ಬಿಚ್ಚಲು ರವಿಕೆಯ ಒಳಮಗ್ಗುಲನ್ನು ಹೊರಗೆ ತಿರುಗಿಸಿದಳು. ಕಂಕುಳಲ್ಲಿ ಬೆವರಿನ ಕಲೆ. ಬೆನ್ನಿನಲ್ಲಿ, ಸೂಜಿ ಚುಚ್ಚುವ ಕಡೆ, ಒಣಗಿದ ರಕ್ತದ ಚುಕ್ಕೆಗಳು. ಮೂಗಿನ ಹತ್ತಿರ ಹಿಡಿದಳು. ಸ್ವೀಟಿ ಹಾಕಿಕೊಳ್ಳುವ ಪೌಡರಿನದೇ ವಾಸನೆ.

ಮೆಷಿನ್ ಮುಂದಿನಿಂದ ಎದ್ದವಳು ನೇರ ಅಂಗಡಿಗೇ ಹೋದಳು. ನಡುಮಧ್ಯಾಹ್ನ. ಗಾಜಿನೊಳಗೆ ರೇಷ್ಮೆ ಸೀರೆ ಉಟ್ಟ ಗೊಂಬೆಗಳ ಸಾಲು. ಎಲ್ಲಕ್ಕೂ ಒಂದೇ ಥರದ ವಿಗ್ಗು, ಒಂದೇ ಥರ ಬಣ್ಣ ಬಳಿದ ಮುಖ, ಸೊಂಟದ ಮೇಲೆ ಒಂದು ಕೈ. ತಾನು ಎತ್ತಿ ಆಡಿಸಿದ ಮಗು ಇವುಗಳಲ್ಲಿ ಯಾವುದೆಂದು ಅವಳಿಗೆ ಗೊತ್ತಾಗಲಿಲ್ಲ. ಕೈ ಬೀಸಿದಳು. ಗಾಜು ತಟ್ಟಿದಳು. ಒಂದು ಕಣ್ಣೂ ಅಲುಗಲಿಲ್ಲ. ಮಾತೆ ಮರಿಯಮ್ಮ, ನನ್ನ ಮಗು ತೋರಿಸು ತಾಯಿ ಎಂದುಕೊಂಡಳು. ಜೀವಮಾನದಲ್ಲಿ ಅಷ್ಟು ಭಯ ಅವಳಿಗೆ ಆಗಿರಲಿಲ್ಲ.

ಒಳಗೆ ಚನ್ನಬಸವಯ್ಯನದು ಬೆಣ್ಣೆಯಂಥ ಮಾತು. ಗೊಂಬೆ ಮುರಿದಿದೆ, ಹೊಸದು ಬರುವ ತನಕ ಹುಡುಗಿ ನಿಲ್ಲುತ್ತಾಳೆ, ಒಲ್ಲೆ ಎಂದರೆ ಪ್ರೊಬೇಷನ್ ಮುಗಿಯುವುದಿಲ್ಲ, ಅಷ್ಟೇ ಅಲ್ಲವೇ ಎಂದ. ಲೂರ್ದಮ್ಮ ಅವನನ್ನು ದಾಟಿ ಗಾಜಿನ ಗೂಡಿಗೆ ನುಗ್ಗಿದಳು. ಅಡ್ಡ ಸಿಕ್ಕ ಗೊಂಬೆಯೊಂದನ್ನು ಮೊಣಕೈಯಿಂದ ಸರಿಸಿದಳು, ಎ.ಸಿ. ಗಾಳಿಗೆ ಅದು ತಣ್ಣಗೆ ಕೊರೆಯುತ್ತಿತ್ತು. ಅದರಾಚೆ ಅದೇ ಪೌಡರಿನ ವಾಸನೆ. ಅಲ್ಲಿ ನಿಂತಿದ್ದವಳ ಬೆನ್ನಿನಿಂದ ಒಂದು ಸೂಜಿ ಕಿತ್ತಳು. ತುದಿ ಕೆಂಪಗಿತ್ತು. ಸ್ವೀಟಿ ಅಯ್ಯೋ ಎನ್ನಲೂ ಇಲ್ಲ.

"ಹೋಗ್ಬುಡು ದೊಡ್ಡಮ್ಮ. ಪರ್ಮನೆಂಟ್ ಮಾಡ್ತಾರಂತೆ," ಎಂದಳು, ತುಟಿ ಅಲುಗಿಸದೆ.

ಲೂರ್ದಮ್ಮ ಅವಳ ತೋಳು ಹಿಡಿದಳು. ಹುಡುಗಿಯನ್ನು ದರದರ ಎಳೆದುಕೊಂಡು ಹೋಗಬಹುದಿತ್ತು. ನಾಳೆ ಇನ್ನೊಂದು ಅಂಗಡಿಯಲ್ಲಿ ಇವಳು ಹೀಗೇ ನಿಂತರೆ?

"ತಾಳ್ಕೋ ಅಂದಿದ್ನಲ್ಲ, ಆ ಮಾತು ಬುಟ್ಟಾಕು," ಎಂದಳು ಮೆಲ್ಲಗೆ. "ನಿಲ್ಲಲ್ಲ ಅಂತ ನೀನೇ ಹೇಳು ಮಗಳೇ. ಕೇಳದಿದ್ರೆ ಲೇಬರ್ ಆಫೀಸಿಗೆ ಇಬ್ರೂ ಹೋಗೋಣ. ಕೆಲಸ ಹೋದ್ರೆ ಹೋಗ್ಲಿ, ನೀನು ಉಳ್ಕೊಂಡ್ರೆ ಸಾಕು ಕಣೇ."

ಸ್ವೀಟಿಯ ರೆಪ್ಪೆ ಒಮ್ಮೆ ಬಡಿಯಿತು, ಬಣ್ಣದ ಮೇಲೆ ನೀರು ಇಳಿಯಿತು. ಅವಳು ಸೊಂಟದಿಂದ ಕೈ ತೆಗೆದು ಮ್ಯಾನೇಜರ್ ಕಡೆ ತಿರುಗಿದಳು.

"ಸಾರ್, ನಾನು ಸೀರೆ ಮಾರೋಕೆ ಸೇರಿದ್ದು. ಇನ್ಮೇಲೆ ಇಲ್ಲಿ ನಿಲ್ಲಲ್ಲ."

ಚನ್ನಬಸವಯ್ಯ ಬಾಯಿ ತೆರೆಯುವ ಮೊದಲೇ, ಲೂರ್ದಮ್ಮ ಮೊಣಕೈಯಿಂದ ಸರಿಸಿದ್ದ ಗೊಂಬೆ ನಿಧಾನವಾಗಿ ಕತ್ತು ತಿರುಗಿಸಿತು.

"ನಾನೂ ನಿಲ್ಲಲ್ಲ ಸಾರ್," ಎಂದಿತು.