ಅಕ್ಕನ ಕೈಯ ವಾಸನೆ

ಆಗೆಲ್ಲ ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಮಕ್ಕಳಿಗೆ ತಟ್ಟೆ ಇಡುವ ರೂಢಿಯೇ ಇರಲಿಲ್ಲ. ಏಳೂವರೆಗೆ ನಡುಮನೆಗೆ ದೊಡ್ಡ ಸ್ಟೀಲ್ ಬೋಗುಣಿ ಬರುತ್ತಿತ್ತು. ಅದರ ಸುತ್ತ ನಾನು, ತಮ್ಮ ಬಸು, ಮತ್ತು ನಮಗಿಂತ ಮುಂಚೆ ಕೈ ಚಾಚುವ ಅಜ್ಜಿ. ಮೊದಲು ಸಾರನ್ನ, ಆಮೇಲೆ ಮೊಸರನ್ನ. ಅಂಗೈಗೆ ಬಿದ್ದ ತುತ್ತಿನ ನಡುವೆ ಹೆಬ್ಬೆರಳಲ್ಲಿ ಗುಳಿ ಮಾಡಿಕೊಂಡರೆ ಅದರೊಳಕ್ಕೆ ಒಂದಿಷ್ಟು ಬಿಸಿ ಹುಳಿ. ಹಾಗೆ ಉಂಡು ಬೆಳೆದವರಿಗೆ ನಾನು ಹೇಳಬೇಕಾದ್ದಿಲ್ಲ, ಮೊಣಕೈವರೆಗೆ ಸೋರಿದ್ದನ್ನು ನೆಕ್ಕುವುದರಲ್ಲೇ ಅರ್ಧ ರುಚಿ ಇರುತ್ತಿತ್ತು.

ಕಲಸಿ ಹಾಕುವ ಕೆಲಸ ಮೊದಲು ಅಜ್ಜಿಯದೇ ಆಗಿತ್ತು. ಅವಳ ಕೈ ನಡುಗಲು ಶುರುವಾದ ಮೇಲೆ ಅದು ಅಕ್ಕ ಶಶಿಯ ಪಾಲಿಗೆ ಬಂತು. ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಅವಳು ಕಲಸಿದ ಮೊಸರನ್ನಕ್ಕೆ ಬೇರೆಯದೇ ಹದವಿತ್ತು. ಬಸು ಹೊಟ್ಟೆ ತುಂಬಿದ ಮೇಲೂ ಎರಡು ತುತ್ತು ಹೆಚ್ಚು ತಿನ್ನುತ್ತಿದ್ದ.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ಅಕ್ಕ ಫಿಸಿಯೋಥೆರಪಿ ಓದಲು ಸೇರಿದಳು. ಮೊದಲ ವರ್ಷದಲ್ಲೇ ಅನಾಟಮಿ. ಹೆಣ ಕೊಯ್ದು, ಚರ್ಮ ಬಿಡಿಸಿ, ಒಂದೊಂದೇ ಮಾಂಸಖಂಡ, ಒಂದೊಂದೇ ನರ ಎತ್ತಿ ನೋಡಿ ಕಲಿಯಬೇಕು. ಸಂಜೆ ಅವಳು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಒಂದು ವಾಸನೆ ಒಳಗೆ ಬರುತ್ತಿತ್ತು. ಹುಳಿಯಲ್ಲ, ಕೊಳೆತದ್ದೂ ಅಲ್ಲ, ಮೂಗಿಗೆ ಚುಚ್ಚಿ ಕಣ್ಣಲ್ಲಿ ನೀರು ತರಿಸುವಂಥದ್ದು. ಬಿಳಿ ಕೋಟನ್ನು ಹಿತ್ತಿಲಲ್ಲಿ ಬೇರೆ ಬಕೆಟ್ಟಿಗೆ ಹಾಕಿ, ಸ್ನಾನ ಮಾಡಿ, ನಿಂಬೆಹಣ್ಣಿನ ಹೋಳಿನಿಂದ ಕೈ ಉಜ್ಜಿಕೊಂಡು ಬರುತ್ತಿದ್ದಳು. ಆದರೂ ಉಗುರಿನ ಸಂದಿಯಲ್ಲಿ ಅದು ಇದ್ದೇ ಇರುತ್ತಿತ್ತು.

ಅಸಹ್ಯ ಪಡುವುದರಲ್ಲಿ ನಾನು ಮೊದಲಿಂದಲೂ ಎತ್ತಿದ ಕೈ. ಹಾಲಿನ ಮೇಲೆ ಕೆನೆ ತೇಲಿದರೆ ವಾಕರಿಕೆ. ಕೆ.ಆರ್. ಮಾರ್ಕೆಟ್ಟಿನಲ್ಲಿ ಕೊಳೆತ ಹೂವಿನ ರಾಶಿ ದಾಟಬೇಕಾದರೆ ಅಮ್ಮನ ಸೆರಗು ನನ್ನ ಮೂಗಿಗೆ ಬೇಕು. ಅಂಥ ನನ್ನನ್ನೇ ಅಕ್ಕ ತನ್ನ ಓದಿಗೆ ಜೊತೆ ಮಾಡಿಕೊಂಡಳು. ಪುಸ್ತಕ ಹಿಡಿದು ನಾನು ಪ್ರಶ್ನೆ ಕೇಳಬೇಕು, ಅವಳು ಉತ್ತರ ಒಪ್ಪಿಸಬೇಕು. ಇಂಗ್ಲಿಷ್ ಹೆಸರುಗಳನ್ನು ನಾನು ತಪ್ಪುತಪ್ಪಾಗಿ ಓದಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನನ್ನ ಮುಂಗೈ ಮೇಲೆ ಸ್ಕೆಚ್ ಪೆನ್ನಿನಲ್ಲಿ ನರಗಳನ್ನು ಹಳದಿಯಾಗಿ, ರಕ್ತನಾಳಗಳನ್ನು ಕೆಂಪು ನೀಲಿಯಾಗಿ ಬರೆಯುತ್ತಿದ್ದಳು. ಮರುದಿನ ಸ್ಕೂಲಿನಲ್ಲಿ ಆ ಗೆರೆಗಳನ್ನು ನೋಡಿ ನೋಡಿ, ಚರ್ಮದ ಕೆಳಗೆ ನಿಜವಾಗಿಯೂ ಇಂಥವು ಹರಿದಾಡುತ್ತಿವೆಯಲ್ಲ ಎಂದು ಕೈಯನ್ನು ಡೆಸ್ಕಿನ ಕೆಳಗೆ ಅಡಗಿಸಿಕೊಳ್ಳುತ್ತಿದ್ದೆ.

"ನಾಲಿಗೆನೂ ಮಾಂಸಖಂಡಾನೇ ಕಣೇ ಉಮಾ," ಎಂದಳು ಒಂದು ದಿನ.

"ನಾವು ಮಾಂಸ ತಿನ್ನಲ್ಲ," ಎಂದೆ ನಾನು.

"ತಿನ್ನಲ್ಲ, ಬಾಯಲ್ಲಿ ಇಟ್ಕೊಂಡು ಓಡಾಡ್ತೀವಿ ಅಷ್ಟೇ!"

ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆಯ ಮಗು ನಾನು. ಆ ಮಾತಾದ ಮೇಲೆ ಎರಡು ದಿನ ಬಾಯಲ್ಲಿದ್ದ ನಾಲಿಗೆಯನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ.

ಆಮೇಲೆ ಪಂಚೇಂದ್ರಿಯಗಳ ಪಾಠ ಬಂತು. ಅಜ್ಜಿ ಹಜಾರದಲ್ಲಿ ಮಲ್ಲಿಗೆ ಕಟ್ಟುತ್ತಿದ್ದಳು. ಅದನ್ನು ತೋರಿಸಿ ಅಕ್ಕ ಹೇಳಿದಳು, "ಮಲ್ಲಿಗೆ ವಾಸನೆ ಬಂತು ಅಂದ್ರೆ ಏನು ಗೊತ್ತಾ? ಆ ಹೂವಿನ ಕಣಗಳೇ ಗಾಳೀಲಿ ಬಂದು ನಿನ್ನ ಮೂಗೊಳಗೆ ಹೋಗಿವೆ ಅಂತ. ಅಲ್ಲಿರೋ ನರಕ್ಕೆ ತಾಗಿದ ಮೇಲೇನೇ ಮಿದುಳಿಗೆ ಗೊತ್ತಾಗೋದು."

"ಎಲ್ಲಾ ವಾಸನೆನೂ ಹಂಗೇನಾ?"

"ಎಲ್ಲಾನೂ."

"ಚರಂಡೀದೂ?"

"ಚರಂಡೀದೂ!" ಎಂದು ನಕ್ಕಳು.

ನಾನು ನಗಲಿಲ್ಲ. ಅಕ್ಕನ ಕೈಯ ವಾಸನೆ ದಿನವೂ ನನ್ನ ಮೂಗಿಗೆ ಬರುತ್ತಿತ್ತಲ್ಲ. ಹಾಗಾದರೆ ಯಾರೋ ಸತ್ತ ಮನುಷ್ಯ ಚೂರುಚೂರೇ ನನ್ನ ಮೂಗಿನೊಳಗೆ ಹೋಗಿದ್ದಾನೆ. ಮೊಸರನ್ನದ ಜೊತೆ ಹೊಟ್ಟೆಗೂ ಹೋಗಿದ್ದಾನೆ. ಅಕ್ಕನನ್ನು ಕೇಳಿದ್ದರೆ, ಅದು ಹೆಣದ ವಾಸನೆಯಲ್ಲ, ಹೆಣ ಕೆಡದಂತೆ ಹಾಕುವ ಔಷಧಿಯದು ಎಂದು ಹೇಳುತ್ತಿದ್ದಳು. ಕೇಳಲು ನನಗೆ ಬಾಯಿ ಬರಲಿಲ್ಲ.

ಮೊದಲ ರಾತ್ರಿ ಹೊಟ್ಟೆನೋವು ಎಂದೆ. ಎರಡನೇ ರಾತ್ರಿ ತುತ್ತನ್ನೆಲ್ಲ ಬಸುವಿನ ಕೈಗೆ ದಾಟಿಸಿದೆ. ಮೂರನೇ ರಾತ್ರಿ ಅಜ್ಜಿ ನನ್ನ ಪಕ್ಕದಲ್ಲೇ ಕೂತಳು. ಅಕ್ಕ ಮೊಸರನ್ನ ಕಲಸುತ್ತಿದ್ದಳು. ಬೆರಳುಗಳ ನಡುವೆ ಅನ್ನ ಹಿಸುಕಿಕೊಂಡು ಹೊರಬರುವುದನ್ನು ನೋಡುತ್ತಿದ್ದಂತೆ ನನ್ನ ಬಾಯಿಯಲ್ಲಿ ನೀರೂರತೊಡಗಿತು. ಹಸಿವಿನ ನೀರಲ್ಲ, ವಾಂತಿಗೆ ಮುಂಚೆ ಬರುವ ನೀರು. ಎದೆ ಹೊಡೆದುಕೊಳ್ಳುತ್ತಿತ್ತು. ಹೆದರಿದಾಗ ಮೂತ್ರಪಿಂಡದ ಮೇಲಿನ ಪುಟ್ಟ ಗ್ರಂಥಿಯೊಂದು ಎದೆಯನ್ನು ಹೀಗೆ ಹೊಡೆಸುತ್ತದೆ ಎಂದು ಹೇಳಿಕೊಟ್ಟವಳೇ ಎದುರಿಗೆ ಕೂತು, "ಹಿಡಿಯೇ" ಎಂದು ನನ್ನ ಅಂಗೈಗೆ ತುತ್ತು ಹಾಕಿದಳು.

ನಾನು ಅದನ್ನು ಬೋಗುಣಿಗೇ ಎಸೆದೆ.

"ಹೆಣ ಮುಟ್ಟಿದ ಕೈ ಅದು. ಛೀ! ನಂಗೆ ಬೇಡ."

ಬಸು ಚಾಚಿದ್ದ ಕೈಯನ್ನು ನಿಧಾನಕ್ಕೆ ಬೆನ್ನ ಹಿಂದಕ್ಕೆ ತೆಗೆದುಕೊಂಡ. ಅಡುಗೆಮನೆಯಿಂದ ಅಮ್ಮ ಓಡಿಬಂದು ನನ್ನ ಬೆನ್ನಿಗೊಂದು ಕೊಟ್ಟಳು. ಅಜ್ಜಿ ಮಾತ್ರ ಜಾಗ ಬಿಟ್ಟು ಕದಲಲಿಲ್ಲ.

"ಲಿಂಗ ಕಟ್ಕೊಂಡೋರಿಗೆ ಸೂತಕ ಎಲ್ಲೀದೇ? ಹಾಕು ಶಶಿ, ನನ್ನ ಕೈಗೆ ಹಾಕು," ಎಂದು ನಡುಗುವ ಕೈ ಚಾಚಿದಳು.

"ಸೂತಕ ಅಲ್ಲ ಅಜ್ಜಿ, ಹೇಸಿಗೆ!" ಎಂದು ಕಿರುಚಿ ಬಚ್ಚಲಿಗೆ ಓಡಿ ವಾಂತಿ ಮಾಡಿದೆ.

ತಿರುಗಿ ಬಂದಾಗ ಅಕ್ಕ ಅಜ್ಜಿಯ ಅಂಗೈಗೆ ಒಂದೇ ಒಂದು ತುತ್ತು ಹಾಕಿ ಎದ್ದಿದ್ದಳು. ಹಿತ್ತಿಲ ಕಲ್ಲಿನ ಮೇಲೆ ಕೂತು ಪಾತ್ರೆ ತಿಕ್ಕುವ ನಾರಿನಿಂದ ಕೈ ಉಜ್ಜಿಕೊಳ್ಳುತ್ತಿದ್ದಳು. ಉಗುರಿನ ಬುಡದಲ್ಲಿ ಚರ್ಮ ಕಿತ್ತು ರಕ್ತ ಬಂದಿತ್ತು. ಈಗ ಬರೆಯುವಾಗ ಅವಳ ಮೇಲೆ ಕರುಣೆ ಬಂತು ಎಂದು ಬರೆದುಕೊಳ್ಳಬಹುದು. ಸುಳ್ಳಾಗುತ್ತದೆ. ಆ ರಕ್ತ ನೋಡಿಯೂ ನನಗೆ ಬಂದದ್ದು ಹೇಸಿಗೆಯೇ.

ಮರುದಿನ ರಾತ್ರಿ ನಡುಮನೆಯಲ್ಲಿ ತಟ್ಟೆಗಳಿದ್ದವು. ಅಕ್ಕ ಸೌಟಿನಿಂದ ಬಡಿಸಿದಳು. ಅಮ್ಮ ಗದರಿದರೂ, ಅಜ್ಜಿ ಗೋಗರೆದರೂ ಅವಳು ಮತ್ತೆ ಬೋಗುಣಿಯ ಮುಂದೆ ಕೂರಲಿಲ್ಲ. ಪ್ರಶ್ನೆ ಕೇಳಲು ನನ್ನನ್ನು ಕರೆಯಲೂ ಇಲ್ಲ. ಆಮೇಲೆ ಗಮನಿಸಿದೆ, ತಾನು ಉಣ್ಣುವುದಕ್ಕೂ ಅವಳು ಚಮಚ ಹಿಡಿದಿದ್ದಳು. ಮುದ್ದೆಯನ್ನು ಕೂಡ ಚಮಚದಲ್ಲಿ ಕತ್ತರಿಸಿ ಸಾರಿನಲ್ಲಿ ಮುಳುಗಿಸುತ್ತಿದ್ದಳು. ನನ್ನ ಅಸಹ್ಯ ಎರಡು ತಿಂಗಳಲ್ಲಿ ಹೋಯಿತು. ಹೋಗುವ ಮುಂಚೆ ಅವಳಿಗೆ ಅಂಟಿಕೊಂಡಿತ್ತು.

ಎಷ್ಟೋ ವರ್ಷಗಳ ಮೇಲೆ ಅಮ್ಮ ಹೇಳಿದಳು. ಆ ದಿನಗಳಲ್ಲಿ ಅಕ್ಕನಿಗೆ ಕಾಲೇಜಿನಲ್ಲಿ ಊಟದ ಡಬ್ಬಿ ತೆರೆಯುವುದಕ್ಕೇ ಆಗುತ್ತಿರಲಿಲ್ಲವಂತೆ. ಓದು ಬಿಡುತ್ತೇನೆ ಎಂದು ಅಳುತ್ತಿದ್ದಳಂತೆ. "ಮಕ್ಕಳಿಗೆ ತುತ್ತು ಹಾಕಿ ಬೋಗುಣಿ ತಳದಲ್ಲಿ ಉಳಿದದ್ದನ್ನ ತಿನ್ನೋವಾಗ ಮಾತ್ರ ಅನ್ನ ಇಳಿಯತ್ತಮ್ಮಾ ಅಂತಿದ್ಲು," ಎಂದಳು ಅಮ್ಮ. ನಾನು ಎಸೆದ ತುತ್ತು ಬಿದ್ದದ್ದು ಅದೇ ಬೋಗುಣಿಗೆ.

ಅಕ್ಕ ಓದು ಬಿಡಲಿಲ್ಲ. ಈಗ ಗಾಂಧಿ ಬಜಾರಿನ ಹತ್ತಿರ ಅವಳದೇ ಕ್ಲಿನಿಕ್ಕಿದೆ. ಎಷ್ಟೋ ಜನರ ಭುಜ, ಮಂಡಿ ಅವಳ ಬೆರಳುಗಳನ್ನೇ ನಂಬಿವೆ. ಅಜ್ಜಿ ಹೋದಾಗ ಅವಳಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಬೆನ್ನು ಆನಿಸಿ ಕೂರಿಸಿದ್ದೂ ಅಕ್ಕನೇ. ನಾನು ಬಾಗಿಲ ಬಳಿ ಗೋಡೆಗೆ ಒರಗಿ ನಿಂತಿದ್ದೆ.

ಕಳೆದ ತಿಂಗಳು ಅವಳ ಮನೆಗೆ ಹೋಗಿದ್ದೆ. ಅವಳ ಮಗಳಿಗೆ ಆರು ವರ್ಷ. ಮೇಜಿನ ಮುಂದೆ ಕೂತು ಮೊಸರನ್ನವನ್ನು ಚಮಚದಲ್ಲಿ ಕೆದಕುತ್ತಿದ್ದಳು. ಏನೋ ತೋಚಿ, ಕೈ ತೊಳೆದು ಬಂದು ಅವಳ ಅನ್ನ ಕಲಸಿ, "ಕೈ ಹಿಡಿ ಕಂದಾ" ಎಂದು ತುತ್ತು ಎತ್ತಿದೆ.

ಮಗು ಕುರ್ಚಿಯನ್ನು ಹಿಂದಕ್ಕೆ ಸರಿಸಿತು. "ಛೀ, ಚಿಕ್ಕಮ್ಮಾ! ಕೈಯಲ್ಲಿ ಮುಟ್ಬಿಟ್ರಾ?"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ ಮಗಳನ್ನು ಗದರಲಿಲ್ಲ, ನಗಲೂ ಇಲ್ಲ. ಬೇರೆ ತಟ್ಟೆಯಲ್ಲಿ ಹೊಸದಾಗಿ ಅನ್ನ ಮೊಸರು ಹಾಕಿ, ಚಮಚ ಇಟ್ಟು ಮಗಳ ಮುಂದಿರಿಸಿದಳು. ನಾನು ಕಲಸಿದ ತಟ್ಟೆಯನ್ನು ನಾನೇ ಸಿಂಕಿನ ಹತ್ತಿರ ತೆಗೆದುಕೊಂಡು ಹೋಗಿ, ನಿಂತುಕೊಂಡೇ ತಿಂದು ಮುಗಿಸಿದೆ.