ಬಸ್ಸು ತುಂಬುವವರೆಗೆ

ಅಮೆರಿಕದ ಫ್ರೀಮಾಂಟಿನ ಸುಧೀಂದ್ರ ಯಾರ ಮನೆಯ ಊಟಕ್ಕೆ ಹೋದರೂ ಕೂತು ಉಂಡವನಲ್ಲ. ಉಳಿದವರು ಡಾಟ್‌ಕಾಂ ಷೇರುಗಳ ಮಾತಿನಲ್ಲಿ ಮುಳುಗಿರುವಾಗ, ಇವನು ತಟ್ಟೆ ಹಿಡಿದು, ಟರ್ಕಿಗೆ ಹೊರಟವರನ್ನು ಹುಡುಕುತ್ತಾ ಅಡ್ಡಾಡುತ್ತಾನೆ. ಸಿಕ್ಕರೆ ಮುಗಿಯಿತು. “ಇಸ್ತಾಂಬುಲ್ ಎಲ್ಲಾರೂ ನೋಡ್ತಾರೆ ಕಣ್ರೀ, ಪೂರ್ವದ ಕಡೆ ಕುರ್ದರ ಊರುಗಳಿಗೆ ಹೋಗಿ! ಮಿನಿಬಸ್ಸು ತುಂಬದೆ ಹೊರಡಲ್ಲ, ಟೈಮು ಕೇಳ್ಬೇಡಿ. ಚೆಕ್‌ಪೋಸ್ಟ್ ಜಾಸ್ತಿ, ಪಾಸ್‌ಪೋರ್ಟು ಶರ್ಟಿನ ಜೇಬಲ್ಲೇ ಇರ್ಲಿ. ಯಾರಿಗಾದ್ರೂ ಫೋಟೋ ಕಳಿಸ್ತೀನಿ ಅಂದ್ರೆ ಕಳಿಸ್ಲೇಬೇಕು.” ಕೊನೆಗೆ ತನ್ನ ಜೇಬಿನಿಂದ ಒಂದು ಲಕೋಟೆ ತೆಗೆಯುತ್ತಾನೆ, ಒಳಗಿರುವುದು, ಅಲ್ಲಿನ ಹಳ್ಳಿಯೊಂದರಲ್ಲಿ ಇವನನ್ನು ಮೂರು ದಿನ ಮನೆಯಲ್ಲಿಟ್ಟುಕೊಂಡು ಉಣಿಸಿದ ಅಜ್ಜಿಯ ಫೋಟೋ. ಹೋದ ವರ್ಷ ಅಜ್ಜಿಗೆ ತಲುಪಿಸಲೆಂದು ಅದನ್ನು ಒಯ್ದಿದ್ದ ಗೆಳತಿ ರಂಜನಿ ಹಾಗೇ ತಂದುಕೊಟ್ಟಳು: “ಸೈನ್ಯದೋರು ಆ ಹಳ್ಳೀನೇ ಖಾಲಿ ಮಾಡ್ಸಿದಾರೆ, ಸುಧಿ. ಬರೀ ಗೋಡೆ ನಿಂತಿದೆ.” ಅಂದಿನಿಂದ ಅವನ ಸಲಹೆಗೆ ಒಂದು ಮಾತು ಹೆಚ್ಚಾಗಿದೆ: “ಬಸ್ಸು ತುಂಬೋವರ್ಗೂ ಹೇಗೂ ಕಾಯ್ತೀರಲ್ಲ, ಹತ್ತೋರಿಗೆಲ್ಲಾ ಈ ಅಜ್ಜೀನ ತೋರಿಸ್ತಾ ಇರಿ.”