ನಿಂಗರಾಜನ ಹಿಮದ ಗಾಡಿಗೆ ಸುತ್ತಿದ ಫೋಮು

ಮಾಲು ನೋಡಿ ಬೆಲೆ ಕಟ್ಟುವುದಾದರೆ, ನಿಂಗರಾಜ ನಲವತ್ತೈದು ದಾಟಿದ, ಸಾಕಷ್ಟು ಬಳಕೆಯಾದ, ಆದರೆ ಎಲ್ಲೂ ಸೀಳು ಬಿಡದ ಮಾಲು. ಕೈ ಎರಡೂ ಮೊದಲ ದರ್ಜೆ. ಮಾತಿನ ಸ್ಟಾಕು ಕಡಿಮೆ. ಇದ್ದಷ್ಟೂ ಬಾಗಲಕೋಟೆ ಕಡೆಯದು. ದೋಷ ಒಂದೇ, ಚೌಕಾಸಿ ಬಾರದು. ಹೇಳಿದ ದರ ಕೊಟ್ಟು ಮೇಲೆ ಥ್ಯಾಂಕ್ಸ್ ಬೇರೆ ಹೇಳಿ ಹೋಗುತ್ತಾನೆ. ದೋಹಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ರಬ್ಬರ್ ಪೈಪು, ಕ್ಲಿಪ್ಪು ಮಾರುವ ಉಳ್ಳಾಲದ ಪಕೀರಬ್ಬ, ಅಂದರೆ ಇದನ್ನು ಬರೆಯುತ್ತಿರುವವನೇ, ಇಂಥ ಗಿರಾಕಿಗಾಗಿ ಊಟ ತಡಮಾಡಿದರೂ ಬೇಸರಪಟ್ಟವನಲ್ಲ.

ನಿಂಗರಾಜ ಹನ್ನೊಂದು ವರ್ಷ ರಾಸ್ ಲಫಾನ್‌ನಲ್ಲಿ ಗ್ಯಾಸ್ ಕಾರ್ಖಾನೆಯ ತಣ್ಣನೆಯ ಪೈಪುಗಳಿಗೆ ಹೊರಗಿನ ಶಾಖ ತಾಗದಂತೆ ಇನ್ಸುಲೇಷನ್ ಸುತ್ತಿದವನು. ಆ ಕಾಂಟ್ರಾಕ್ಟ್ ಮುಗಿದ ಮೇಲೆ ಅಲ್ ಗರಾಫಾ ಕಡೆಯ ಒಂದು ಮಾಲ್‌ನ ಹಿಮದ ಪಾರ್ಕಿಗೆ ಸೇರಿದ. ಹೊರಗೆ ನಲವತ್ತಮೂರು ಡಿಗ್ರಿ, ಒಳಗೆ ಸೊನ್ನೆಗಿಂತ ನಾಲ್ಕು ಕಡಿಮೆ. ಅವನ ವಶಕ್ಕೆ ಕೊಟ್ಟದ್ದು ಒಂದು ಸ್ನೋಮೊಬೈಲು: ಮುಂದೆ ಎರಡು ಹಲಗೆ, ಅಡಿಯಲ್ಲಿ ಸುತ್ತುವ ಅಗಲವಾದ ರಬ್ಬರ್ ಪಟ್ಟಿ. ದಿನಾ ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆ ಅದು ಮಕ್ಕಳು ಜಾರುವ ಇಳಿಜಾರನ್ನು ಸಪಾಟು ಮಾಡಬೇಕು. ಆಮೇಲೆ ಪೆಟ್ರೋಲ್ ವಾಸನೆ ಬರಬಾರದೆಂದು ಅದನ್ನು ಹಿತ್ತಲಿನ ಶೆಡ್ಡಿಗೆ ದಬ್ಬುತ್ತಿದ್ದರು.

ತೊಂದರೆ ಇದ್ದದ್ದು ಎಂಜಿನ್ನಿಗೆ ಕೂಲೆಂಟ್, ಅಂದರೆ ತಂಪಿನ ದ್ರವ, ಒಯ್ಯುವ ಎರಡು ಪೈಪುಗಳಲ್ಲಿ. ರಬ್ಬರ್ ಪಟ್ಟಿ ಎರಚಿದ ಹಿಮ ಅವುಗಳಿಗೆ ಅಂಟಿ, ಮಂಜುಗಡ್ಡೆಯಾಗಿ ದಪ್ಪವಾಗಿ, ಕೊನೆಗೆ ಪಟ್ಟಿಗೆ ಸಿಕ್ಕಿ ಪೈಪನ್ನೇ ಎಳೆದು ಕಿತ್ತುಬಿಡುತ್ತಿತ್ತು. ಎರಡು ಸಲ ಹಾಗಾಗಿತ್ತು. ಮೂರನೆಯ ಸಲ ಆದರೆ ಖಲಾಸ್, ಗಾಡಿ ಕಂಪನಿಗೆ, ನೀನು ಊರಿಗೆ ಎಂದು ಮ್ಯಾನೇಜರ್ ಹೆನ್ರಿ ಹೇಳಿದ್ದರು. ಹೆನ್ರಿ ಮಂಗಳೂರಿನವರು, ಬೆದರಿಕೆಯನ್ನೂ ಚಹಾ ಬೇಕಾ ಎಂದು ಕೇಳುವ ದನಿಯಲ್ಲಿ ಹಾಕುವವರು. ನಿಂಗರಾಜನ ವೀಸಾ ನಿಂತದ್ದು ಆ ಕೆಲಸದ ಮೇಲೆ. ಬಕ್ರೀದ್ ರಜೆಗೆ ಎಂಟು ದಿನ ಉಳಿದಿತ್ತು.

“ಸಾವ್ಕಾರ, ಪೈಪಿಗೆ ಬರ್ಫ್ ಹತ್ತದಂಗ ಮಾಡಾಕ ಏನರ ಐತೇನ್ರಿ?” ಎಂದು ಅವನು ಅಂಗಡಿಗೆ ಬಂದ.

ಪಕೀರಬ್ಬ ಆವರೆಗೆ ಕಂಡಿದ್ದ ಬರ್ಫ್ ಎಂದರೆ ಶರಬತ್ತಿನದು ಮತ್ತು ಮೀನಿನ ಪೆಟ್ಟಿಗೆಯದು. ಆದರೆ ಗೊತ್ತಿಲ್ಲ ಎನ್ನುವ ಮಾಲನ್ನು ಅವನು ಅಂಗಡಿಯಲ್ಲಿ ಇಟ್ಟುಕೊಂಡವನಲ್ಲ. ಮೂಲೆಯಲ್ಲಿ ಎರಡು ವರ್ಷದಿಂದ ಯಾರೂ ಮುಟ್ಟದ ಫೋಮಿನ ಸುರುಳಿಯೊಂದಿತ್ತು. ಅದರ ಧೂಳು ಹೊಡೆದು ಮುಂದಿಟ್ಟ.

“ನಿನಗೆ ನಾನು ಹೇಳಿಕೊಡುವುದು ಎಂತ ಮಾರಾಯ? ರಾಸ್ ಲಫಾನಿನಲ್ಲಿ ಹನ್ನೊಂದು ವರ್ಷ ಸುತ್ತಿದ್ದು ಇದನ್ನೇ ಅಲ್ವಾ? ಇಲ್ಲಿಯೂ ಸುತ್ತು.”

ತನಗೆ ಬರುವ ಕೆಲಸವೇ ಮದ್ದು ಎಂದರೆ ಯಾರಿಗೆ ಸಂತೋಷವಾಗದು? ನಿಂಗರಾಜ ಕಲಿತದ್ದನ್ನೆಲ್ಲ ಸುರಿದು ಸುತ್ತಿದ. ಪದರ ಮೇಲೆ ಪದರ, ಅದರ ಮೇಲೆ ಟೇಪು. ಪೈಪುಗಳು ಬಾಣಂತಿ ಮನೆಯ ಕೂಸುಗಳ ಹಾಗೆ ಬೆಚ್ಚಗೆ ಮಲಗಿದವು. ನಾಲ್ಕು ದಿನ ಗಾಡಿ ಚೆನ್ನಾಗಿ ಓಡಿತು. ಪಕೀರಬ್ಬ ಇನ್ನೂ ಎರಡು ಸುರುಳಿ ತರಿಸುವ ಯೋಚನೆಯಲ್ಲಿದ್ದ.

ಐದನೆಯ ಬೆಳಿಗ್ಗೆ, ಇಳಿಜಾರಿನ ನಟ್ಟನಡುವೆ, ಪೈಪು ಕಿತ್ತುಬಂತು. ಬಿಳಿ ಹಿಮದ ಮೇಲೆ ಪಿಸ್ತಾ ಐಸ್‌ಕ್ರೀಮಿನ ಬಣ್ಣದ ಕೂಲೆಂಟ್ ಹರಡಿತು. ಹೊಸ ಪೈಪಿನ ಅಳತೆಗೆಂದು ಪಕೀರಬ್ಬನನ್ನೂ ಕರೆಸಿದರು. ಎರವಲು ಜಾಕೆಟ್ಟಿನೊಳಗೆ ನಡುಗುತ್ತ ಅವನು ನಿಂತಿದ್ದಾಗಲೇ ಹೆನ್ರಿ ಬಂದರು. ಮೂರು ಮಾಲ್‌ಗಳ ಪೈಪಿನ ಆರ್ಡರು ಪಕೀರಬ್ಬನಿಗೆ ಬರುತ್ತಿದ್ದುದು ಈ ಹೆನ್ರಿಯ ಕೈಯಿಂದ.

“ಇದನ್ನು ಸುತ್ತಲಿಕ್ಕೆ ನಿನಗೆ ಹೇಳಿದ್ದು ಯಾರು?” ಎಂದು ಅವರು ನಿಂಗರಾಜನನ್ನು ಕೇಳಿದರು.

ಪಕೀರಬ್ಬ ತನ್ನ ಬೂಟುಗಳನ್ನು, ಅವುಗಳ ಮೇಲೆ ಬೆಲೆ ಬರೆದಿದೆಯೋ ಎಂಬಂತೆ ನೋಡತೊಡಗಿದ.

“ನಂದ ತಲಿ, ಸರ,” ಎಂದ ನಿಂಗರಾಜ. “ರಾಸ್ ಲಫಾನ್‌ದಾಗ ಕಲತದ್ದು. ಎರಡ ದಿನ ಕೊಡ್ರಿ.”

ಗಾಡಿ ಕಂಪನಿಯವರು ಆಗಲೇ ರಜೆಯ ಮೂಡಿನಲ್ಲಿದ್ದು ಫೋನು ಎತ್ತುತ್ತಿರಲಿಲ್ಲ. ಹಾಗಾಗಿ ಹೆನ್ರಿ ಕೊಟ್ಟರು. ಹಬ್ಬದ ದಿನ ಗಾಡಿ ನಿಂತರೆ ಊರಿನ ಟಿಕೆಟ್ಟು ತಾನೇ ಮಾಡಿಸುತ್ತೇನೆ ಎಂದೂ ಹೇಳಿದರು.

ಶೆಡ್ಡಿನಲ್ಲಿ ನಿಂಗರಾಜ ಫೋಮು ಬಿಚ್ಚಿ ಹಿಂಡಿದ. ಸಾಂಬಾರಿನಲ್ಲಿ ನೆನೆದ ಇಡ್ಲಿಯಿಂದ ಇಳಿಯುವಂತೆ ನೀರು ಇಳಿಯಿತು. ಪಕೀರಬ್ಬ ಅಷ್ಟರಲ್ಲಿ ತನ್ನ ಮಾಲಿನ ಪರವಾಗಿ ಮೂರು ವಾದಗಳನ್ನು ಸಿದ್ಧಮಾಡಿಕೊಂಡಿದ್ದ. ನಿಂಗರಾಜ ಒಂದನ್ನೂ ಕೇಳಲಿಲ್ಲ.

“ಅಲ್ಲಿ ತಣ್ಣನ ಪೈಪು ಯಾವಾಗ್ಲೂ ತಣ್ಣಗ ಇರತೈತ್ರಿ. ಇದು ದಿನಾ ಎರಡ ಊರು ತಿರಗತೈತಿ. ಹೊರಗ ಬಂದು ನೀರು ಕುಡಿತೈತಿ, ಒಳಗ ಹೋಗಿ ಕಲ್ಲಾಗತೈತಿ.”

ಸೆಕೆಯ ಗಾಳಿಯ ತೇವವೂ ಕರಗಿದ ಹಿಮವೂ ಸೇರಿ ಫೋಮನ್ನು ತುಂಬಿಸುತ್ತಿದ್ದವು. ಮರುದಿನ ಅದೇ ನೀರು ಒಳಗೆ ಗಡ್ಡೆಕಟ್ಟಿ ಊದಿಕೊಳ್ಳುತ್ತಿತ್ತು. ಸುತ್ತಿದಷ್ಟೂ ಪಟ್ಟಿಗೆ ಹಿಡಿಯಲು ಅನುಕೂಲ.

ಎರಡು ದಿನದಲ್ಲಿ ಅವನು ಹೊಸ ಪೈಪು ಕೂರಿಸಿದ, ಹೊಸದು ಹಳೆಯದು ಎರಡನ್ನೂ ಪಟ್ಟಿಯಿಂದ ದೂರಕ್ಕೆ ಎತ್ತಿ ಕ್ಲಿಪ್ಪು ಹಾಕಿದ. ಹಳೆಯ ನೀಲಿ ನೀರಿನ ಡ್ರಮ್ಮು ಕೊಯ್ದು ನುಣುಪಾದ ಮರೆಯೊಂದನ್ನು ಕೆಳಗೆ ಬಿಗಿದ. ಹಿಮ ಅದಕ್ಕೆ ಬಡಿದು ಜಾರಿಹೋಗಬೇಕು, ಕೂತುಕೊಳ್ಳಬಾರದು. ಇನ್ನು ಗಾಡಿ ಒಳಗೆ ಹೋಗುವ ಮುಂಚೆ ದಿನಾ ಒಂದು ಹನಿಯೂ ಉಳಿಯದಂತೆ ಒಣಗಿಸಬೇಕಿತ್ತು. ಅದಕ್ಕೆ ಪಕೀರಬ್ಬ ಮನೆಯಿಂದ ಹೆಂಡತಿ ಝೈನಬಳ ಹೇರ್ ಡ್ರೈಯರ್ ತಂದುಕೊಟ್ಟ. ರಿಪೇರಿಗೆ ಕೊಟ್ಟಿದ್ದೇನೆ ಎಂದು ಅವಳಿಗೆ ಹೇಳಿದ್ದಾನೆ. ಅದು ಈಗಲೂ ರಿಪೇರಿಯಲ್ಲೇ ಇದೆ.

ಹಬ್ಬದ ಬೆಳಿಗ್ಗೆ ಗಾಡಿ ಹತ್ತಿತು, ಇಳಿಯಿತು, ಇಳಿಜಾರು ಸಪಾಟಾಯಿತು. ರಜೆಯಷ್ಟೂ ದಿನ ಹಾಗೆಯೇ. ಹೆನ್ರಿ ಟಿಕೆಟ್ಟಿನ ಮಾತು ಎತ್ತಲಿಲ್ಲ. ಫೋಮಿನ ಪೆದ್ದುತನವೊಂದು ಬಿಟ್ಟರೆ ಒಳ್ಳೆಯ ಆಳು ಎಂದು ಪಕೀರಬ್ಬನ ಮುಂದೆಯೇ ಹೊಗಳಿದರು. ಪಕೀರಬ್ಬ ಹೌದೆಂದು ತಲೆಯಾಡಿಸಿ ಮುಂದಿನ ಆರ್ಡರು ಬರೆದುಕೊಂಡ.

ಫೋಮು ಸುತ್ತು ಎಂದು ಹೇಳಿದವನು ಪಕೀರಬ್ಬ. ಈ ಮಾತನ್ನು ಅವನು ಹೆನ್ರಿಯ ಮುಂದೆ ಅಂದೇ ಹೇಳಬೇಕಿತ್ತು. ನಿಂಗರಾಜನಿಗೆ ಅವನು ಕೊಡಬೇಕಾದದ್ದು ಅದು.